ಬಳೆಗಾರರ ಗುಂಡಿನ ಬಳಿ ಒಂದು ಲೆಕ್ಕ

ಹೋದ ಯುಗಾದಿಗೆ ಊರಿಗೆ ಹೋದವನು ಅಪ್ಪನಿಗೆ ಉಪದೇಶ ಮಾಡಿದೆ. ಅವನ ಹಳೆಯ ಎಕ್ಸ್‌ಎಲ್ ಗಾಡಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥದ್ದು. ಹೊರಟರೆ ಓಣಿಯ ತುಂಬ ನೀಲಿ ಹೊಗೆ. ಅದನ್ನು ಮಾರಿ ಕರೆಂಟಿನ ಸ್ಕೂಟರ್ ತಗೋ ಅಂದೆ. ನೂರು ಕಿಲೋಮೀಟರಿಗೆ ಸುಮಾರು 3 ಯೂನಿಟ್ ಸಾಕು, ಇಪ್ಪತ್ತು ರೂಪಾಯಿ ಚಿಲ್ಲರೆ; ನಿನ್ನ ಗಾಡಿಗೆ ಇನ್ನೂರು. ಮಳೆ ಹಿಂದುಮುಂದಾಗುತ್ತಿರುವುದು ಇಂಥ ಹೊಗೆಯಿಂದಲೇ ಅಂತಲೂ ಸೇರಿಸಿದೆ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವನಿಗೆ ಮಳೆಯ ಪಾಠ!

ಅಪ್ಪ ಗಾಡಿಗೆ ಚೀಲ ಬಿಗಿಯುತ್ತಲೇ ಕೇಳಿದ: "ಮೊದ್ಲು ಕೈಯಿಂದ ಎಷ್ಟು ಹಾಕ್ಬೇಕು?"

ಲಕ್ಷದ ಆಸುಪಾಸು, ಕಂತಿನ ಮೇಲೂ ಕೊಡ್ತಾರೆ ಅಂದೆ.

"ತಿಂಗ್ಳು ತಿಂಗ್ಳು ಕಟ್ಟಾಕೆ ಶೇಂಗಾ ಏನು ತಿಂಗ್ಳು ತಿಂಗ್ಳು ಬರ್ತತೇನಪ್ಪ?"

ನೀತಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಅದೇ ಗಾಡಿ ಹತ್ತಿ ಜಟಿಂಗ ರಾಮೇಶ್ವರಕ್ಕೆ ಹೋದೆ.

ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಬೆಟ್ಟದ ಮೇಲೆ ದೇವಸ್ಥಾನ, ಅದರ ಹತ್ತಿರ ಅಶೋಕನ ಶಾಸನ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಅದೇ ಶಾಸನದ ಪ್ರತಿಗಳಿವೆ. ಮೂರನ್ನೂ ಹೊರಜಗತ್ತಿಗೆ ತೋರಿಸಿದವನು ಬಿ. ಎಲ್. ರೈಸ್. ಜಟಿಂಗದ್ದು ಬಹಳ ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಈ ಬಂಡೆಯ ಮೇಲೆಯೇ ಅಂಗಡಿ ಹಾಸುತ್ತಿದ್ದರಂತೆ, ಅದಕ್ಕೇ ಬಳೆಗಾರರ ಗುಂಡು ಅಂತ ಹೆಸರು. ಇಸಿಲದ ಮಹಾಮಾತ್ರರಿಗೆ ಕಳಿಸಿದ ಆ ಆಜ್ಞೆಯ ತಿರುಳು ಇಷ್ಟು: ಈ ಫಲ ದೊಡ್ಡವರಿಗಷ್ಟೇ ದಕ್ಕುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವನೂ ಸ್ವರ್ಗ ಗಳಿಸಬಲ್ಲ.

ಅಕ್ಷರ ಕಾಣದ ಬಂಡೆಯ ಪಕ್ಕ ಕೂತು ಯೋಚಿಸಿದೆ. ಚಕ್ರವರ್ತಿ ಸಣ್ಣವನಿಂದ ಕೇಳಿದ್ದು ಪ್ರಯತ್ನವನ್ನು. ಅದು ಅಪ್ಪನ ಬಳಿ ಬೇಕಾದಷ್ಟಿದೆ. ನಾನು ಕೇಳಿದ್ದು ಒಂದು ಲಕ್ಷವನ್ನು. ಒಳ್ಳೆಯದನ್ನು ಮಾಡಲು ಮೊದಲು ಕೊಳ್ಳಬೇಕು ಅಂತಾದರೆ, ಕೊಳ್ಳಲಾಗದವನನ್ನು ಕೆಟ್ಟವನು ಅನ್ನಬಹುದೆ? ಮಾಡಲಾಗದ್ದನ್ನು ಕರ್ತವ್ಯ ಅನ್ನುವಂತಿಲ್ಲ ಎಂಬುದು ನಾನು ತರಗತಿಯಲ್ಲಿ ಸಲೀಸಾಗಿ ಹೇಳುವ ಮಾತು. ಮನೆಯಲ್ಲಿ ಮರೆತಿದ್ದೆ.

ಲೆಕ್ಕ ನೋಡಿದರೆ ನಾನು ಹೇಳಿದ್ದು ಸುಳ್ಳಲ್ಲ. ಕೆಲವೇ ವರ್ಷಗಳಲ್ಲಿ ಕರೆಂಟಿನ ಗಾಡಿಯೇ ಅಗ್ಗ. ಆದರೆ ಆ ಕೆಲವು ವರ್ಷ ದಾಟುವುದು ಹೇಗೆ? ಪೆಟ್ರೋಲನ್ನು ಐವತ್ತು ರೂಪಾಯಿಗೂ ಹಾಕಿಸಬಹುದು. ದುಡ್ಡಿಲ್ಲದ ವಾರ ಗಾಡಿ ನಿಲ್ಲಿಸಬಹುದು. ಕಂತು ಹಾಗೆ ನಿಲ್ಲುವುದಿಲ್ಲ. ಸಂಬಳದವನ ದುಡ್ಡು ಕ್ಯಾಲೆಂಡರಿಗೆ ಹೊಂದುತ್ತದೆ, ಬೇಸಾಯದವನದು ಸುಗ್ಗಿಗೆ. ಸೆಕೆಂಡ್‌ಹ್ಯಾಂಡ್ ತಗೊಳ್ಳೋಣವೆಂದರೆ ಹಳೆ ಬ್ಯಾಟರಿಯ ಆಯುಷ್ಯ ಹೇಳುವವರು ಯಾರು? ಎಕ್ಸ್‌ಎಲ್ ಕೆಟ್ಟರೆ ಊರಿನ ಮೆಕ್ಯಾನಿಕ್ ಕಿವಿಯಲ್ಲೇ ರೋಗ ಹಿಡಿಯುತ್ತಾನೆ.

ಇನ್ನು ಸರ್ಕಾರದ ನೆರವು. ಕೇಂದ್ರದ ಫೇಮ್ ಯೋಜನೆ 2021ರಲ್ಲಿ ದ್ವಿಚಕ್ರ ವಾಹನಗಳಿಗೆ ಬ್ಯಾಟರಿಯ ಪ್ರತಿ ಕಿಲೋವಾಟ್-ಅವರ್‌ಗೆ 15,000 ರೂಪಾಯಿಯಂತೆ, ಬೆಲೆಯ ಶೇ. 40ರವರೆಗೆ ಕೊಡುತ್ತಿತ್ತು. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು, ಮಿತಿ ಶೇ. 15 ಆಯಿತು. 2024ರ ಹೊಸ ಯೋಜನೆ ಶುರುವಾದದ್ದೇ 5,000ದಿಂದ. ಬೇಗ ಕೊಂಡವನಿಗೆ ಹೆಚ್ಚು, ತಡವಾದವನಿಗೆ ಕಡಿಮೆ. ಬೇಗ ಕೊಳ್ಳುವವರು ಯಾರೆಂದು ಬೇರೆ ಹೇಳಬೇಕೆ? ಅಳತೆಯೂ ಬ್ಯಾಟರಿಯದೇ ಹೊರತು ಕೊಳ್ಳುವವನ ಅಗತ್ಯದ್ದಲ್ಲ. ಉಳ್ಳವರು ಮೊದಲು ಕೊಂಡರೇ ತಾನೆ ಬೆಲೆ ಇಳಿಯುವುದು ಎಂಬ ವಾದ ಇದೆ, ಅದು ನಿಜವೂ ಹೌದು. ಹಾಗಿದ್ದರೆ ಅದನ್ನು ಮಾರುಕಟ್ಟೆಯ ತಂತ್ರ ಅನ್ನೋಣ. ಮೊದಲು ಕೊಂಡವನಿಗೆ ಪರಿಸರಪ್ರೇಮಿ ಎಂಬ ಬಿರುದು, ಹಿಂದುಳಿದವನಿಗೆ ಮಗನಿಂದ ಬುದ್ಧಿಮಾತು ಏಕೆ?

ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ರೈತರ ಗುತ್ತಿಗೆ ಜಮೀನಿನ ಮೇಲೆ ನಿಂತಿದೆ. ಬಿಸಿಲು ನಮ್ಮ ಸೀಮೆಯದು. ಅದರಲ್ಲಿ ಓಡುವ ಗಾಡಿ ಮಾತ್ರ ಇನ್ನೂ ಬೆಂಗಳೂರಿನವರದು. ಇನ್ನೊಂದು ತಮಾಷೆ: 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಓಡಿಸಿ ತೋರಿಸಿದ್ದು ಶೇಂಗಾ ಎಣ್ಣೆಯಲ್ಲಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ಬಲ್ಲ ಅಪ್ಪನಿಗೆ ಇದನ್ನು ಹೇಳಿದ್ದೆ. "ಒಗ್ಗರಣೆಗೇ ಅಳೆದು ಹಾಕ್ತಾಳೆ ನಿಮ್ಮವ್ವ" ಅಂದಿದ್ದ.

ಹಾಗಂತ ಹೊಗೆ ಹೊಗೆಯಲ್ಲದೆ ಹೋಗುವುದಿಲ್ಲ. ಅಪ್ಪನ ಹಿಂದೆ ಚೀಲ ಹಿಡಿದು ಕೂರುವ ಅವ್ವ ಅದನ್ನೇ ಕುಡಿಯುತ್ತಾಳೆ, ಅವಳ ಕೆಮ್ಮು ಈ ಸಲ ಜಾಸ್ತಿಯಾಗಿತ್ತು. ಬಡವನ ಗಾಡಿಗೆ ಮಾಫಿ ಅಂದುಬಿಟ್ಟರೆ ಅವಳಿಗೇನು ಹೇಳಲಿ? ತಪ್ಪು ಅಪ್ಪನದಲ್ಲ ಎಂದಾಕ್ಷಣ ಸಾಲ ಯಾರ ಮೇಲಿದೆ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ನನ್ನ ಫೆಲೋಶಿಪ್ ಬಾಕಿ ಬಂದರೆ ಮುಂಗಡ ನಾನೇ ಕಟ್ಟಬಹುದು. ಕಂತು ಸುಗ್ಗಿಗೊಮ್ಮೆ ಕಟ್ಟಿಸಿಕೊಳ್ಳುವ ಬ್ಯಾಂಕು ಇದೆಯಾ ಅಂತ ವಿಚಾರಿಸಬೇಕು. ಉಪದೇಶಕ್ಕಿಂತ ಮೊದಲು ಮಾಡಬೇಕಿದ್ದ ಕೆಲಸ ಅದು.

ಬೆಟ್ಟ ಇಳಿದು ಬಂದರೆ ಗಾಡಿ ನಾಲ್ಕು ಸಲ ತುಳಿದ ಮೇಲೆ ಶುರುವಾಯಿತು. ದಾರಿಯ ಬಂಕಿನಲ್ಲಿ ಹುಡುಗ "ಎಷ್ಟಕ್ಕಣ್ಣ?" ಅಂದ. ಜೇಬು ನೋಡಿಕೊಂಡೆ. ಐವತ್ತಕ್ಕೆ ಹಾಕು, ಆಯಿಲ್ ಸೇರಿಸಿ ಅಂದೆ.