ನಂಜುಂಡಪ್ಪಾ, ಈ ನವೆಯನ್ನೂ ಕೇಳು

ನಂಜುಂಡಪ್ಪಾ, ನಿನ್ನ ಮುಂದಿನ ಸಾಲಿನಲ್ಲಿ ನಿಂತು ‘ಮೈ ತುರಿಸುತ್ತದೆ’ ಎಂದು ಹೇಳಲು ನನಗೆ ಬಹಳ ದಿನ ಬಾಯಿ ಬರಲಿಲ್ಲ. ನನ್ನ ಮುಂದೆ ನಿಂತವರು ಮಗನ ಕಿಡ್ನಿಗಾಗಿ ಬೇಡುತ್ತಿದ್ದರು, ಹಿಂದೆ ನಿಂತವರು ಗಂಡನ ಹೃದಯಕ್ಕಾಗಿ. ಅವರ ನಡುವೆ ನನ್ನದೊಂದು ನವೆ. ಅದನ್ನು ಕಾಯಿಲೆ ಎಂದು ಯಾರು ಎಣಿಸುತ್ತಾರೆ? ಆದರೆ ನಿನ್ನೆ ರಾತ್ರಿ ಒಬ್ಬಳು ಫೋನಿನಲ್ಲಿ ಅತ್ತಳು. ಅದಕ್ಕೇ ಬೆಳಗಾಗುತ್ತಲೇ ಮೈಸೂರಿನಿಂದ ಹೊರಟು ಬಂದೆ. ಕಪಿಲೆಯಲ್ಲಿ ಕಾಲು ತೊಳೆದುಕೊಂಡು ಈ ಮೆಟ್ಟಿಲ ಮೇಲೆ ಕುಳಿತಿದ್ದೇನೆ. ನನ್ನ ಕಥೆ ಮೊದಲು ಹೇಳುತ್ತೇನೆ, ಅವಳದು ಆಮೇಲೆ.

ನೀನು ನಂಜು ಉಂಡವನು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ನಿನ್ನನ್ನು ಹಕೀಮ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನೆಂದು ನಮ್ಮ ಕಡೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ವೈದ್ಯನ ಹತ್ತಿರ ಏನನ್ನೂ ಮುಚ್ಚಿಡಬಾರದು ಎನ್ನುವುದೂ ಅವರದೇ ಮಾತು. ನಾನು ಮುಚ್ಚಿಟ್ಟವಳು. ತಪ್ಪೊಪ್ಪಿಗೆ ಎಂದರೆ ಅದೇ.

1994ರಲ್ಲಿ ಮಗಳು ಹುಟ್ಟಿದ ರಾತ್ರಿ ನನಗೆ ರಕ್ತ ನಿಲ್ಲಲಿಲ್ಲ. ಎರಡು ಬಾಟಲಿ ರಕ್ತ ಹಾಕಿ ಉಳಿಸಿದರು. ಯಾರ ರಕ್ತವೋ ಗೊತ್ತಿಲ್ಲ, ಹೆಸರು ಕೇಳುವ ಪದ್ಧತಿಯೂ ಇರಲಿಲ್ಲ. ಹೆಪಟೈಟಿಸ್ ಸಿ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ನಮ್ಮ ದೇಶದಲ್ಲಿ ದಾನದ ರಕ್ತವನ್ನೆಲ್ಲ ಅದಕ್ಕಾಗಿ ಪರೀಕ್ಷಿಸಲೇಬೇಕೆಂಬ ನಿಯಮ ಬಂದದ್ದು 2001ರಲ್ಲಿ. ಈ ಎರಡರ ನಡುವಿನ ವರ್ಷಗಳಲ್ಲಿ ರಕ್ತ ಹಾಕಿಸಿಕೊಂಡ ಎಷ್ಟೋ ಮಂದಿಯಲ್ಲಿ ನಾನೂ ಒಬ್ಬಳು. ಮಗಳಿಗೆ ಹದಿನಾರು ತುಂಬಿದ ವರ್ಷ, ಆ ಋಣ ತೀರಿಸೋಣವೆಂದು ಒಂದು ಶಿಬಿರದಲ್ಲಿ ರಕ್ತ ಕೊಟ್ಟು ಬಂದೆ. ನಾಲ್ಕು ದಿನಕ್ಕೆ ಕರೆ ಬಂತು. ನಿಮ್ಮ ರಕ್ತ ಬೇರೆಯವರಿಗೆ ಕೊಡಲಾಗದು, ಬಂದು ಡಾಕ್ಟರನ್ನು ಕಾಣಿ ಎಂದರು.

ಹದಿನಾರು ವರ್ಷ ಆ ವೈರಸ್ಸು ನನ್ನ ಯಕೃತ್ತಿನಲ್ಲಿ ಸದ್ದಿಲ್ಲದೆ ಕುಳಿತಿತ್ತು. ಕಣ್ಣು ಹಳದಿಯಾಗಲಿಲ್ಲ, ಹೊಟ್ಟೆ ನೋಯಲಿಲ್ಲ. ಆ ರಕ್ತ ಕೊಟ್ಟವನ ಮೇಲೆ ನನಗೆ ಅವತ್ತೂ ಸಿಟ್ಟು ಬರಲಿಲ್ಲ, ಇವತ್ತೂ ಇಲ್ಲ. ಅವನಿಗೂ ತನ್ನೊಳಗೆ ಅದಿರುವುದು ಗೊತ್ತಿರಲಿಲ್ಲ. ಅವನ ರಕ್ತವಿಲ್ಲದಿದ್ದರೆ ನನ್ನ ಮಗಳಿಗೆ ತಾಯಿ ಇರುತ್ತಿರಲಿಲ್ಲ. ಸ್ವಾಮೀ, ಅವನು ಎಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ. ಬದುಕಿದ್ದರೆ ಅವನಿಗೂ ಯಾರಾದರೂ ಪರೀಕ್ಷೆ ಮಾಡಿಸಿರಲಿ, ಔಷಧಿ ಕೊಟ್ಟಿರಲಿ. ಈ ಬೇಡಿಕೆಯನ್ನು ನನ್ನದಕ್ಕಿಂತ ಮೊದಲು ಬರೆದುಕೋ.

2011ರಲ್ಲಿ ಔಷಧಿ ಶುರುವಾಯಿತು. ನನ್ನದು ಮೂರನೇ ಜೀನೋಟೈಪ್, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಗೆ. ಅದಕ್ಕೆ 24 ವಾರದ ಚಿಕಿತ್ಸೆ. ವಾರಕ್ಕೊಂದು ಇಂಟರ್‌ಫೆರಾನ್ ಸೂಜಿ, ದಿನಕ್ಕೆ ನಾಲ್ಕು ರಿಬಾವಿರಿನ್ ಕ್ಯಾಪ್ಸೂಲು, ಬೆಳಿಗ್ಗೆ ಎರಡು, ರಾತ್ರಿ ಎರಡು. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕದಲ್ಲಿ ಸೂಜಿಯ ಡಬ್ಬಿ ಇರುತ್ತಿತ್ತು. ಆ ಡಬ್ಬಿಗಾಗಿ ನನ್ನ ಬಳೆ ಹೋದವು, ಯಜಮಾನರ ಪಿ.ಎಫ್. ಸಾಲ ಬಂತು. ಸೂಜಿ ಚುಚ್ಚಿಕೊಂಡ ರಾತ್ರಿ ಚಳಿಜ್ವರ, ಮಾರನೆಯ ದಿನ ಮೈಕೈ ನೋವು. ಅದಕ್ಕೆಲ್ಲ ಡಾಕ್ಟರು ಮೊದಲೇ ನನ್ನನ್ನು ಸಿದ್ಧ ಮಾಡಿದ್ದರು. ರಕ್ತಹೀನತೆ ಬರಬಹುದು, ಕೂದಲು ಉದುರಬಹುದು, ಮನಸ್ಸು ಕುಗ್ಗಬಹುದು ಎಂದೂ ಹೇಳಿದ್ದರು. ಚರ್ಮ ಒಣಗಿ ತುರಿಸಬಹುದು ಎಂದೂ ಒಂದು ಮಾತು ಹೇಳಿದ್ದರಂತೆ. ಆ ಹೊತ್ತಿನ ಗಾಬರಿಯಲ್ಲಿ ಅದು ನನ್ನ ಕಿವಿಗೇ ಬೀಳಲಿಲ್ಲ.

ಆರನೇ ವಾರ ನವೆ ಶುರುವಾಯಿತು. ಮೊದಲು ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸೊಂಟದ ಸುತ್ತ, ದಾರ ಎಳೆದ ಹಾಗೆ ಒಂದು ಗೆರೆ ತುರಿಸಿತು. ಆಮೇಲೆ ರವಿಕೆಯ ತೋಳಿನ ಅಂಚು, ಮೊಣಕೈ ಒಳಗಿನ ಮಡಿಕೆ, ಕರಿಮಣಿ ತಾಗುವ ಕತ್ತು. ಚಿಕ್ಕ ಚಿಕ್ಕ ಕೆಂಪು ಗುಳ್ಳೆ, ಮುಟ್ಟಿದರೆ ಮರಳಿನಂತೆ ದೊರಗು. ಎರಡು ವಾರದಲ್ಲಿ ಕಾಲಿನ ಮೀನಖಂಡದವರೆಗೆ ಇಳಿಯಿತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಮೈ ಪೂರ್ತಿ ಎಚ್ಚರವಾಗುತ್ತಿತ್ತು. ಒಂದು ಕಡೆ ಕೆರೆದರೆ ಇನ್ನೊಂದು ಕಡೆ ಕರೆಯುತ್ತಿತ್ತು. ಕೆರೆದಷ್ಟು ಹೊತ್ತು ಹಿತ, ಕೈ ತೆಗೆದರೆ ಉರಿ. ಉಗುರು ಸಾಲದೆ ಬಾಚಣಿಗೆ ತೆಗೆದುಕೊಂಡೆ. ಅದೂ ಸಾಲದೆ ಹಾಸಿಗೆಯ ಪಕ್ಕದ ಸಿಮೆಂಟು ಗೋಡೆಗೆ ಬೆನ್ನು ಉಜ್ಜಿದೆ. ಬೆಳಿಗ್ಗೆ ನೋಡಿದರೆ ಹೊದಿಕೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು. ಮಗಳು ಎದ್ದು ಬರುವ ಮೊದಲೇ ಅದನ್ನು ನೀರಿಗೆ ಹಾಕಿಬಿಡುತ್ತಿದ್ದೆ.

ನೋವಿದ್ದವರ ಹಣೆಯ ಮೇಲೆ ಯಾರಾದರೂ ಕೈ ಇಡುತ್ತಾರೆ. ಕೆರೆದುಕೊಳ್ಳುವವರ ಹತ್ತಿರ ಯಾರೂ ಕೂರುವುದಿಲ್ಲ. ಇದೇ ನಂಜನಗೂಡಿಗೆ ಬರುವ ಬಸ್ಸಿನಲ್ಲಿ, ನನ್ನ ಪಕ್ಕ ಕುಳಿತಿದ್ದ ತಾಯಿ ನನ್ನ ಮುಂಗೈ ನೋಡಿ ಮಗುವನ್ನು ತೊಡೆಯ ಮೇಲೆಳೆದುಕೊಂಡು ಆಚೆ ಸರಿದಳು. ತಾಯಿ ಮಗುವನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೂ ಅವತ್ತು ನಿನ್ನ ಗುಡಿಯವರೆಗೆ ಬಂದು ಒಳಗೆ ಬರದೆ ತಿರುಗಿ ಹೋದೆ. ಮನೆಯಲ್ಲಿ ಸರ್ಪದೋಷ ಎಂಬ ಮಾತು ಎದ್ದಿತು. ಕುಕ್ಕೆಗೆ ಹೋಗಿ ಬರೋಣ, ಹುತ್ತದ ಮಣ್ಣು ಹಚ್ಚೋಣ ಎಂದರು ಅತ್ತೆ. ಅವರ ಕಣ್ಣಿನಲ್ಲಿ ಇದ್ದದ್ದು ಪ್ರೀತಿಯೇ. ಕುಕ್ಕೆಯ ಸ್ವಾಮಿಗೆ ಮನೆಯಿಂದಲೇ ಕೈ ಮುಗಿದೆ. ಕೆರೆದು ಹಸಿಯಾದ ಚರ್ಮಕ್ಕೆ ಮಣ್ಣು ಹಚ್ಚಲು ಮನಸ್ಸು ಒಪ್ಪಲಿಲ್ಲ. ಪಕ್ಕದ ಮನೆಯವರು ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬು ತಂದುಕೊಟ್ಟರು, ಹಚ್ಚಿದರೆ ಒಂದೇ ದಿನಕ್ಕೆ ಮಾಯ ಎಂದರು. ಅದನ್ನು ಮಾತ್ರ ಹಚ್ಚಿದೆ. ಒಂದು ವಾರ ತಣ್ಣಗಾಗಿ ಮತ್ತೆ ಎರಡರಷ್ಟು ಎದ್ದಿತು. ಅದು ಕಡುವಾದ ಸ್ಟೀರಾಯ್ಡ್ ಎಂದು ಆಮೇಲೆ ತಿಳಿಯಿತು. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಮಾತ್ರ ಹಚ್ಚಬೇಕಾದದ್ದು.

ಡಾಕ್ಟರಿಗೆ ಏಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಎಂಬ ಭಯ. ಬಳೆ ಮಾರಿದ ದುಡ್ಡು, ಎಂಟು ವಾರದ ಸೂಜಿ, ಎಲ್ಲ ನೀರಿನಲ್ಲಿ ಹೋಮವಾಗುತ್ತದೆ ಎಂಬ ಭಯ. ಪ್ರತಿ ಸಲ ರಕ್ತಪರೀಕ್ಷೆಗೆ ಹೋದಾಗ ತುಂಬುತೋಳಿನ ರವಿಕೆ ಹಾಕಿಕೊಂಡು ಹೋಗುತ್ತಿದ್ದೆ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಹತ್ತನೇ ವಾರ ನರ್ಸ್ ರಕ್ತ ತೆಗೆಯಲು ತೋಳು ಮೇಲೆ ಸರಿಸಿದರು. ನೋಡಿದವರೇ ಏನೂ ಬಯ್ಯದೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ‘ಎಷ್ಟು ದಿನದಿಂದ ನಿದ್ದೆ ಇಲ್ಲಮ್ಮಾ?’ ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಆ ನಾಲ್ಕು ವಾರದಲ್ಲಿ ಅವರೇ ಮೊದಲು ಕೇಳಿದ್ದು.

ಡಾಕ್ಟರು ಔಷಧಿ ನಿಲ್ಲಿಸಲಿಲ್ಲ. ಬಾಯಿ ತೆರೆಸಿ ಹುಣ್ಣಿದೆಯೇ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಜ್ವರ ಇದೆಯೇ, ಮುಖ ಊದಿದೆಯೇ, ಚರ್ಮ ಎಲ್ಲಾದರೂ ಬೊಬ್ಬೆಯೆದ್ದು ಸುಲಿದಿದೆಯೇ ಎಂದು ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಬನ್ನಿ ಎಂದರು. ನನ್ನದು ಆ ಜಾತಿಯದಲ್ಲ, ರಿಬಾವಿರಿನ್‌ನಿಂದ ಚರ್ಮ ಒಣಗಿ ಎದ್ದ ದದ್ದು, ಇದನ್ನು ಹಿಡಿತಕ್ಕೆ ತರಬಹುದು ಎಂದರು. ಹಿಡಿತಕ್ಕೆ ತರಬಹುದು ಎಂಬ ಆ ಒಂದು ಮಾತಿಗೇ ನನ್ನ ಅರ್ಧ ನವೆ ಇಳಿಯಿತು.

ಅವರು ಹೇಳಿದ್ದರಲ್ಲಿ ದುಬಾರಿಯಾದದ್ದು ಯಾವುದೂ ಇರಲಿಲ್ಲ. ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರು, ಐದು ನಿಮಿಷದ ಸ್ನಾನ. ಸೀಗೆಪುಡಿ, ಕಡಲೆಹಿಟ್ಟು, ಘಮಘಮಿಸುವ ಸೋಪು ಯಾವುದೂ ಬೇಡ. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ ವಾಸನೆಯಿಲ್ಲದ ಮುಲಾಮು ದಪ್ಪವಾಗಿ ಹಚ್ಚುವುದು, ದಿನಕ್ಕೆ ಮೂರು ಸಲ. ಕೆಂಪು ಜಾಸ್ತಿಯಿದ್ದ ಕಡೆಗೆ ಮಾತ್ರ ಅವರು ಬರೆದುಕೊಟ್ಟ ಸ್ಟೀರಾಯ್ಡ್, ಎಣಿಸಿದ ದಿನ. ರಾತ್ರಿಗೆ ನಿದ್ದೆ ಬರಿಸುವ ಒಂದು ತುರಿಕೆ ಮಾತ್ರೆ. ಸೀರೆಯ ಬದಲು ಸಡಿಲವಾದ ಹತ್ತಿಯ ನೈಟಿ, ಲಾಡಿಯ ಗಂಟೇ ಇಲ್ಲದ ಹಾಗೆ. ಬಿಸಿಲಿಗೆ ಕೊಡೆ.

ಉಗುರಿನ ವಿಷಯ ಹೇಳಿದ್ದು ಆ ನರ್ಸ್. ಕೆರೆದರೆ ರಕ್ತ ಬರುತ್ತದೆ, ಈ ವೈರಸ್ಸು ಇರುವುದು ರಕ್ತದಲ್ಲಿ. ಅದಕ್ಕೇ ವಾರಕ್ಕೊಮ್ಮೆ ಉಗುರು ಕತ್ತರಿಸಿ, ನಿಮ್ಮ ನೈಲ್‌ಕಟ್ಟರ್, ಬ್ರಶ್ಶು ಬೇರೆ ಇಟ್ಟುಕೊಳ್ಳಿ, ಹಸಿಗಾಯಕ್ಕೆ ಬಟ್ಟೆ ಸುತ್ತಿ ಎಂದರು. ಒಟ್ಟಿಗೆ ಉಣ್ಣುವುದರಿಂದ, ಮುಟ್ಟುವುದರಿಂದ, ಮಗಳನ್ನು ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ ಎಂದೂ ಹೇಳಿದರು. ಅವತ್ತು ಸಂಜೆ ಮಗಳನ್ನು ಎಷ್ಟೋ ದಿನದ ಮೇಲೆ ತಬ್ಬಿಕೊಂಡೆ. ಬೆನ್ನಿಗೆ ಮುಲಾಮು ಹಚ್ಚುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಹಾಸಿಗೆಯ ಪಕ್ಕ ಸ್ಟೀಲಿನ ಚೊಂಬಿನ ತುಂಬ ತಣ್ಣೀರು ಇಡುವುದನ್ನು ಕಂಡುಹಿಡಿದದ್ದೂ ಅವಳೇ. ನವೆ ಎದ್ದಾಗ ಕೆರೆಯುವ ಬದಲು ಆ ಚೊಂಬನ್ನು ಮೀನಖಂಡಕ್ಕೆ ಒತ್ತಿ ಹಿಡಿದು, ತಣ್ಣಗಾದ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಸಬೇಕು. ಚೊಂಬು ಒತ್ತಿಕೊಂಡು ನಿನ್ನ ಹೆಸರು ನೂರೆಂಟು ಸಲ ಹೇಳುವಷ್ಟರಲ್ಲಿ ಎಷ್ಟೋ ರಾತ್ರಿ ಅಲೆ ಇಳಿದುಹೋಗುತ್ತಿತ್ತು. ಇಳಿಯದ ರಾತ್ರಿಗಳೂ ಇದ್ದವು. ಆಗ ಎದ್ದು ಅಂಗಳದಲ್ಲಿ ಬರಿಗಾಲಲ್ಲಿ ನಡೆದಿದ್ದೇನೆ.

ನವೆ ಪೂರ್ತಿ ಹೋಗಲಿಲ್ಲ, ಸಹಿಸುವಷ್ಟಾಯಿತು. 24 ವಾರ ಮುಗಿಸಿದೆ. ಔಷಧಿ ನಿಂತ ಕೆಲವು ವಾರಕ್ಕೆ ಚರ್ಮ ತಾನಾಗಿಯೇ ಮೆತ್ತಗಾಯಿತು. ಮತ್ತೆ 24 ವಾರ ಬಿಟ್ಟು ಮಾಡಿದ ಪರೀಕ್ಷೆಯಲ್ಲಿ ವೈರಸ್ಸು ಪತ್ತೆಯಾಗಲಿಲ್ಲ. ನಿನಗೆ ಅವತ್ತು ಹೊತ್ತಿದ್ದ ಹರಕೆ ತೀರಿಸಿದ್ದೇನೆ, ಲೆಕ್ಕ ಬಾಕಿಯಿಲ್ಲ.

ನಾನು ಸೂಜಿ ಶುರು ಮಾಡಿದ ಆ 2011ರಲ್ಲೇ ಅಮೆರಿಕದಲ್ಲಿ ಇದೇ ಕಾಯಿಲೆಯ ಟೆಲಾಪ್ರೆವಿರ್ ಎಂಬ ಹೊಸ ಮಾತ್ರೆಗೆ ಒಪ್ಪಿಗೆ ಸಿಕ್ಕಿತಂತೆ. ಅದನ್ನು ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ದದ್ದೆದ್ದಿತು. ಕೆಲವರ ಜೀವಕ್ಕೇ ಎರವಾಗಿ 2012ರ ಡಿಸೆಂಬರಿನಲ್ಲಿ ಅದರ ಮಾಹಿತಿ ಪತ್ರದಲ್ಲಿ ಕಠಿಣ ಎಚ್ಚರಿಕೆ ಅಚ್ಚಾಯಿತು. ನನ್ನ ಹಾಗೆ ರಾತ್ರಿಯೆಲ್ಲ ಎದ್ದು ಕುಳಿತವರು ಸಮುದ್ರದಾಚೆಯೂ ಇದ್ದರು ಎಂದು ಓದಿದ ದಿನ, ಮುಖ ಕಾಣದ ಅವರಿಗಾಗಿಯೂ ನಿನ್ನ ಮುಂದೆ ಒಂದು ದೀಪ ಹಚ್ಚಿದ್ದೆ. ಈಗ ಆ ಮಾತ್ರೆಯೂ ಇಲ್ಲ, ಇಂಟರ್‌ಫೆರಾನ್ ಸೂಜಿಯೂ ಹೆಚ್ಚುಕಡಿಮೆ ಮೂಲೆ ಸೇರಿದೆ. ಸೊಫೊಸ್‌ಬುವಿರ್ ಎಂಬ ಹೊಸ ಮಾತ್ರೆ 2015ರಲ್ಲಿ ನಮ್ಮ ದೇಶದ ಅಂಗಡಿಗೆ ಬಂತು. ಬಹುಪಾಲು ಜನರಿಗೆ ಹನ್ನೆರಡು ವಾರ ಮಾತ್ರೆ ನುಂಗಿದರೆ ಸಾಕು. 2018ರ ಜುಲೈ 28ರಂದು ಶುರುವಾದ, ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಬಳೆ ಮಾರದೆ ಒಬ್ಬ ಹೆಂಗಸು ವಾಸಿಯಾಗಬಹುದಾದ ಕಾಲ ಬಂದಿದೆ. ಇದನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಆದರೆ ಸ್ವಾಮೀ, ರಿಬಾವಿರಿನ್ ಪೂರ್ತಿ ಹೋಗಿಲ್ಲ. ಯಕೃತ್ತು ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಹೊಸ ಮಾತ್ರೆಯ ಜೊತೆ ಅದನ್ನೂ ಸೇರಿಸಿ ಕೊಡುತ್ತಾರೆ. ನಿನ್ನೆ ಫೋನ್ ಮಾಡಿದವಳು ಅಂಥವಳು. ಗುಂಡ್ಲುಪೇಟೆ ಕಡೆಯವಳು, ನನ್ನ ಅಕ್ಕನ ಊರು. ಅವಳಿಗಿದು ಐದನೇ ವಾರ. ಮೈಯೆಲ್ಲ ಗಂಧೆಯೆದ್ದ ಹಾಗೆ ಆಗಿದೆಯಂತೆ. ಮಕ್ಕಳ ಮುಂದೆ ಕ್ಯಾಪ್ಸೂಲು ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗಿಯಲು ಶುರು ಮಾಡಿ ಮೂರು ದಿನವಾಯಿತು ಎಂದಳು. ‘ಅಕ್ಕಾ, ಇಷ್ಟು ದೊಡ್ಡ ಕಾಯಿಲೆ ಇಟ್ಟುಕೊಂಡು ಕೆರೆತಕ್ಕೆ ಅಳುತ್ತಾಳೆ ಅಂತ ನಗ್ತಾರೆ’ ಎಂದಳು. ನನ್ನದೇ ದನಿ ನನಗೆ ತಿರುಗಿ ಕೇಳಿದ ಹಾಗಾಯಿತು.

ಅವಳ ನವೆಯನ್ನು ಈ ಕ್ಷಣವೇ ತೆಗೆದುಬಿಡು ಎಂದು ಬೇಡಲಾರೆ. ಔಷಧಿ ತನ್ನ ಕೆಲಸ ಮಾಡಲೇಬೇಕು. ಇನ್ನು ಏಳು ವಾರ ಅವಳು ಅದನ್ನು ಉಗಿಯದೆ ನುಂಗುವಂತೆ ಮಾಡು. ರಾತ್ರಿಗೆ ಮೂರು ಗಂಟೆಯಾದರೂ ನಿದ್ದೆ ಕೊಡು. ಅವಳನ್ನು ನೋಡುವ ವೈದ್ಯರಿಗೆ, ಎಷ್ಟೇ ಸಾಲಿದ್ದರೂ, ‘ನಿದ್ದೆ ಬರುತ್ತದೆಯೇ’ ಎಂದು ಕೇಳುವಷ್ಟು ಪುರುಸೊತ್ತು ಕೊಡು. ಅವಳ ಬೆನ್ನಿಗೆ ಮುಲಾಮು ಹಚ್ಚುವ ಒಂದು ಕೈ ಆ ಮನೆಯಲ್ಲಿ ಮುಂದೆ ಬರಲಿ. ತೋಳು ಮೇಲೆ ಸರಿಸಿ ತೋರಿಸುವ ಧೈರ್ಯ, ನನಗೆ ಹತ್ತನೇ ವಾರದವರೆಗೂ ಬಾರದೇ ಹೋದದ್ದು, ಅವಳಿಗೆ ನಾಳೆಯೇ ಬರಲಿ.

ನಾಳೆ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಮೈಸೂರಿಗೆ ಬರುತ್ತಾಳೆ. ಉಗಿದ ಮೂರು ದಿನದ ಲೆಕ್ಕವನ್ನೂ ಡಾಕ್ಟರಿಗೆ ಹೇಳುತ್ತೇನೆ ಎಂದು ಒಪ್ಪಿದ್ದಾಳೆ. ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ. ಚೀಲದಲ್ಲಿ ಒಂದು ಹೊಸ ನೈಲ್‌ಕಟ್ಟರ್, ಒಂದು ಹತ್ತಿಯ ನೈಟಿ ಇಟ್ಟುಕೊಂಡಿದ್ದೇನೆ.