ಮನೆಯ ತಂಪೂ ಓಣಿಯ ಬಿಸಿಯೂ

ಪರರಿಗೆ ಪೀಡೆಯನ್ನುಂಟುಮಾಡದೆ ತಾನು ಸುಖವಾಗಿರಬೇಕೆಂಬದು ಸಜ್ಜನರೆಲ್ಲರ ಇಚ್ಛೆಯಾಗಿರುವದು. ಈ ಇಚ್ಛೆಯಲ್ಲಿ ದೋಷವೇನೂ ಇಲ್ಲ. ಆದರೆ ಪರಪೀಡೆಯೆಂದರೆ ಬೈಗುಳು, ಕಳವು, ವಂಚನೆ ಮೊದಲಾದ ಕಣ್ಣಿಗೆ ಕಾಣುವ ಕೃತ್ಯಗಳು ಮಾತ್ರವೆಂದು ನಾವು ತಿಳಿದಿರುತ್ತೇವೆ. ಬಾಗಿಲಿಕ್ಕಿಕೊಂಡು ನಮ್ಮಷ್ಟಕ್ಕೆ ನಾವು ಮಲಗಿರುವಾಗಲೂ ನಮ್ಮಿಂದ ಇನ್ನೊಬ್ಬನ ನಿದ್ದೆ ಕೆಡಬಹುದೆಂಬದು ನಮ್ಮ ಎಣಿಕೆಗೆ ಬರುವದಿಲ್ಲ. ಅರುವತ್ತಾರು ವರುಷಗಳವರೆಗೆ ನನ್ನ ಎಣಿಕೆಗೂ ಅದು ಬಂದಿರಲಿಲ್ಲ. ಅದು ಬಂದ ಬಗೆಯನ್ನು ವಾಚಕರ ಮುಂದಿಟ್ಟು, ಅದರಿಂದ ಹುಟ್ಟಿದ ಪ್ರಶ್ನೆಯೊಂದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ನಮ್ಮದು ರಾಯಚೂರು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಸೀಮೆಯಲ್ಲಿ ನದಿಗಳೆರಡಿದ್ದರೂ ಬೇಸಗೆಯ ಬಿಸಿಲಿಗೆ ದಾಕ್ಷಿಣ್ಯವಿಲ್ಲ. ಮೇ ತಿಂಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವದು ವಾಡಿಕೆಯ ಮಾತು. ನಮ್ಮ ಮನೆಯ ಗೋಡೆಗಳು ಹಿರಿಯರು ಕಟ್ಟಿಸಿದ, ಒಂದೂವರೆ ಅಡಿ ದಪ್ಪದ ಕಲ್ಲಿನವು. ಮೇಲಿನ ಮಣ್ಣಿನ ಮಾಳಿಗೆ ಸೋರತೊಡಗಿದ್ದರಿಂದ ಅದನ್ನು ತೆಗೆಯಿಸಿ ಕಾಂಕ್ರೀಟು ಹಾಕಿಸಿದವನು ನಾನು. ಮಣ್ಣು ಬಿಸಿಲನ್ನು ಮೇಲೆಯೇ ತಡೆಯುತ್ತಿತ್ತು. ಕಾಂಕ್ರೀಟು ಹಗಲೆಲ್ಲ ಕುಡಿದ ಕಾವನ್ನು ರಾತ್ರಿಯೆಲ್ಲ ಕೆಳಕ್ಕೆ ಸುರಿಯುವದು. ನನ್ನ ತಾಯಿಯವರಿಗೆ ಆಗ ಎಂಬತ್ತಾರು ವರುಷ. ನೀರಿನ ಕೂಲರಿನಿಂದ ಕೆಲವು ಬೇಸಗೆಗಳನ್ನು ಕಳೆದೆವು. 2022ರಲ್ಲಿ ಅವರು ಎರಡು ಸಲ ತಲೆಸುತ್ತಿ ಬಿದ್ದ ಮೇಲೆ ವೈದ್ಯರು, ಮಧ್ಯಾಹ್ನದ ಹೊತ್ತು ಅವರನ್ನು ತಂಪಾದ ಕೋಣೆಯಲ್ಲಿಯೇ ಇರಿಸತಕ್ಕದ್ದೆಂದು ಕಟ್ಟುನಿಟ್ಟಾಗಿ ಹೇಳಿದರು. ಹೀಗೆ ಜನರು ಏ.ಸಿ. ಎಂದು ಕರೆಯುವ ಶೀತಕಯಂತ್ರವು, ಕಿಟಕಿಯಲ್ಲಿ ಕೂರಿಸುವ ಬಗೆಯದು, ನಮ್ಮ ಮನೆಗೆ ಬಂದಿತು.

ಅಂಗಡಿಯವನು ಬಲ್ಲವನು. ಕೋಣೆಯ ಉದ್ದಗಲವೆಷ್ಟು, ಮೇಲೆ ಇನ್ನೊಂದು ಅಂತಸ್ತಿದೆಯೋ ಬರಿಯ ಮಾಳಿಗೆಯೋ, ಯಾವ ಗೋಡೆಗೆ ಬಿಸಿಲು ಬೀಳುವದು, ಒಳಗೆ ಮಲಗುವವರೆಷ್ಟು ಮಂದಿ, ತಂತಿಯು ಈ ಭಾರವನ್ನು ತಡೆಯುವದೋ ಇಲ್ಲವೋ ಎಂದು ಒಂದೊಂದಾಗಿ ಕೇಳಿದನು. ಹನ್ನೆರಡಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಒಂದು ಟನ್ನಿನದು ಸಾಕೆಂದನು. ಟನ್ನೆಂದರೆ ಯಂತ್ರದ ತೂಕವಲ್ಲ. ಎರಡು ಸಾವಿರ ಪೌಂಡು ಮಂಜುಗಡ್ಡೆಯು ಒಂದು ದಿನದಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟನ್ನು ಒಂದು ದಿನದಲ್ಲಿ ಕೋಣೆಯಿಂದ ಹೊರಗೆ ಸಾಗಿಸುವ ಶಕ್ತಿಯೆಂದು ಅದರ ಅರ್ಥ. ಇಂದಿನ ಅಳತೆಯಲ್ಲಿ ಸುಮಾರು ಮೂರೂವರೆ ಕಿಲೋವಾಟು. ಯಂತ್ರವನ್ನು ಓಣಿಯ ಕಡೆಯ ಕಿಟಕಿಯಲ್ಲಿ, ಒಸರಿದ ನೀರು ಹೊರಗೆ ಹೋಗುವಂತೆ ಹಿಂದಕ್ಕೆ ತುಸು ವಾಲಿಸಿ ಕೂರಿಸಿದರು. ಅಂದು ಸಂಜೆ ತಾಯಿಯವರು ಎರಡು ತಾಸು ಕದಲದೆ ನಿದ್ದೆ ಮಾಡಿದರು. ನಾನು ದೇವರಿಗೆ ಕೈಮುಗಿದೆನು. ಅಂಗಡಿಯವನು ಕೇಳಿದ ಪ್ರಶ್ನೆಗಳಲ್ಲಿ ಒಂದು ಮಾತ್ರ ಉಳಿದುಹೋಗಿತ್ತು: ಆ ಕಿಟಕಿಯ ಆಚೆಗೆ ಯಾರಿದ್ದಾರೆ? ಅವನು ಕೇಳಲಿಲ್ಲ, ನನಗೂ ತೋಚಲಿಲ್ಲ.

ಆಚೆಗೆ ಇದ್ದವನು ನನ್ನ ಹಳೆಯ ವಿದ್ಯಾರ್ಥಿ. ಐದಡಿಯ ಓಣಿಯ ಆ ಬದಿಗೆ ತಗಡಿನ ಮನೆ. ಅದಕ್ಕೊಂದು ಬಾಗಿಲು, ಒಂದು ಕಿಟಕಿ. ಅವನು ಅಕ್ಕಿಯ ಗಿರಣಿಯಲ್ಲಿ ರಾತ್ರಿಯ ಪಾಳಿ ಮುಗಿಸಿ ಬಂದು ಹಗಲು ಮಲಗುವವನು. ಆ ಬೇಸಗೆಯೆಲ್ಲ ಅವನ ಕಿಟಕಿ ಮುಚ್ಚಿಯೇ ಇದ್ದಿತು. ಧೂಳಿಗೆ ಅಂಜಿ ಮುಚ್ಚಿರಬಹುದೆಂದು ನಾನು ಬಗೆದೆನು. ಮರುವರುಷ, ಎಂದರೆ 2023ರ ಮೇ ತಿಂಗಳಲ್ಲಿ, ಮಾಳಿಗೆಯಿಂದ ಹಾರಿದ ಧೋತರವೊಂದನ್ನು ತರಲು ಮಧ್ಯಾಹ್ನ ಓಣಿಗೆ ಹೋದೆನು. ಯಂತ್ರದ ಬೆನ್ನಿಗೆ ನಿಂತಾಗ ಮೋರೆಗೆ ಬಡಿದ ಗಾಳಿಯು ಒಲೆಯ ಬಾಯಿಂದ ಬಂದಂತಿತ್ತು. ಹಿಂತಿರುಗಿ ನೋಡಿದರೆ ಎದುರಿಗೆ ಆ ಮುಚ್ಚಿದ ಕಿಟಕಿ. ತಗಡಿನ ಕೆಳಗೆ, ಇದ್ದ ಒಂದು ಕಿಟಕಿಯನ್ನೂ ಮುಚ್ಚಿಕೊಂಡು, ಅವನೂ ಅವನ ಹೆಂಡತಿಯೂ ಎರಡು ಮಕ್ಕಳೂ ಎರಡು ಬೇಸಗೆ ಹೇಗಿದ್ದರು? ಸಂಜೆ ಅವನನ್ನು ಕರೆದು, "ಏನಪ್ಪಾ, ನನಗೆ ಒಂದು ಮಾತು ಹೇಳಬಾರದಾಗಿತ್ತೇ?" ಎಂದು ಕೇಳಿದೆನು. ಅವನು ನೆಲವನ್ನು ನೋಡುತ್ತ, "ಅಮ್ಮಾರ ಸಲುವಾಗಿ ಹಾಕ್ಸೀರಿ. ನಿಮಗ ಹೆಂಗ ಹೇಳ್ಬೇಕ್ರೀ ಸರ್" ಎಂದನು.

ಆ ಮಾತು ನನ್ನನ್ನು ಬಹುದಿನ ಬಿಡಲಿಲ್ಲ. ಮೂವತ್ತೈದು ವರುಷ ಹುಡುಗರಿಗೆ ಗುರುಭಕ್ತಿಯನ್ನು ಬೋಧಿಸಿದವನು ನಾನು. ಆ ಭಕ್ತಿಯೇ ಅವನ ಬಾಯಿಗೆ ಬೀಗವಾಗಿ, ನನ್ನ ಕಿವಿಗೆ ಬರಬೇಕಾದ ಸತ್ಯವನ್ನು ತಡೆದಿತ್ತು.

ಪಾಠಶಾಲೆಯಲ್ಲಿ ತರ್ಕದ ಮೊದಲ ಪಾಠಗಳಲ್ಲಿಯೇ ಸ್ಪರ್ಶವು ಮೂರು ಬಗೆಯೆಂದು ಕಲಿತಿದ್ದೆವು: ನೀರಿನದು ಶೀತ, ತೇಜಸ್ಸಿನದು ಉಷ್ಣ, ಪೃಥಿವೀ ವಾಯುಗಳದು ಅನುಷ್ಣಾಶೀತ, ಅಂದರೆ ಬಿಸಿಯೂ ಅಲ್ಲ ತಂಪೂ ಅಲ್ಲ. ಶೀತವು ತಾನೇ ಒಂದು ಗುಣವೆಂಬ ಈ ಮತವನ್ನು ಇಂದಿನ ಭೌತಶಾಸ್ತ್ರವು ಒಪ್ಪುವದಿಲ್ಲ. ಅದರ ಪ್ರಕಾರ ಶೀತವೆಂದರೆ ಶಾಖದ ಕೊರತೆ. ತಂಪನ್ನು ಯಾರೂ ಉತ್ಪತ್ತಿ ಮಾಡಲಾರರು, ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಲ್ಲರು ಅಷ್ಟೆ. ಯಂತ್ರದೊಳಗಿನ ದ್ರವವು ಕೋಣೆಯ ಕಡೆ ಆವಿಯಾಗುತ್ತ ಶಾಖವನ್ನು ಹೀರುವದು. ಸಂಪೀಡಕವು ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿ ಮಾಡುವದು. ಹಿಂಬದಿಯ ಕೊಳವೆಗಳಲ್ಲಿ ಅದು ಮತ್ತೆ ದ್ರವವಾಗುತ್ತ ಶಾಖವನ್ನು ಹೊರಗೆ ಕಕ್ಕುವದು. ಈ ಕೆಲಸಕ್ಕೆ ತಗಲುವ ಒಂದು ಕಿಲೋವಾಟಿನಷ್ಟು ವಿದ್ಯುತ್ತೂ ಕೊನೆಗೆ ಶಾಖವಾಗಿ ಹೊರಗೇ ಬೀಳುವದು. ಮೂರೂವರೆಗೆ ಒಂದು ಸೇರಿ ನಾಲ್ಕೂವರೆ. ಸಾವಿರ ವಾಟಿನ ನಾಲ್ಕೂವರೆ ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿ ನೆರೆಯವನ ಕಿಟಕಿಗೆ ಹಿಡಿದಂತಾಯಿತು! ಆದರೆ ನಮ್ಮ ತಾರ್ಕಿಕರ ಇನ್ನೊಂದು ಮಾತು ಇಲ್ಲಿ ಸಲ್ಲುವದು. ಗಾಳಿಯು ತಾನಾಗಿ ಬಿಸಿಯಲ್ಲ, ಅದರ ಬಿಸಿ ಇನ್ನೊಂದರ ಸಂಪರ್ಕದಿಂದ ಬಂದದ್ದೆಂದು ಅವರು ಹೇಳುವರು. ಓಣಿಯ ಗಾಳಿಗೆ ಬಂದ ಆ ಬಿಸಿಯು ಯಾರದು? ನನ್ನದು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವವು. ಮೊದಲನೆಯದು: ಯಂತ್ರಕ್ಕೆ ಬೆಲೆ ಕೊಟ್ಟಿದ್ದೇನೆ, ವಿದ್ಯುತ್ತಿಗೆ ಹಣ ತೆರುತ್ತೇನೆ, ಓಣಿಯು ಸಾರ್ವಜನಿಕರದು, ಇದರಲ್ಲಿ ನನ್ನ ತಪ್ಪೇನು? ಇದಕ್ಕೆ ಹೆಚ್ಚಿನ ಉತ್ತರ ಬೇಡ. ಬೆಲೆ ತೆತ್ತದ್ದು ಅಂಗಡಿಯವನಿಗೂ ವಿದ್ಯುತ್ ಕಂಪನಿಗೂ. ಬಿಸಿಯನ್ನು ಉಂಡವನಿಗೆ ಒಂದು ಕಾಸೂ ಸಲ್ಲಲಿಲ್ಲ. ಋಣವು ಒಬ್ಬನದಾಗಿ ಸಂದಾಯವು ಇನ್ನೊಬ್ಬನಿಗಾದರೆ ಋಣ ತೀರಿತೆಂದು ಯಾವ ಧರ್ಮಶಾಸ್ತ್ರವೂ ಹೇಳದು.

ಎರಡನೆಯದು ಇದಕ್ಕಿಂತ ಬಲವಾದದ್ದು: ಹಾಗಾದರೆ ಇಂಥ ಸುಖವನ್ನೇ ಬಿಡಬೇಕು, ನಮ್ಮ ಹಿರಿಯರು ಯಂತ್ರವಿಲ್ಲದೆ ಬಾಳಲಿಲ್ಲವೇ? ಬಾಳಿದರು, ನಿಜ. ಆದರೆ ಅವರ ತಲೆಯ ಮೇಲೆ ಮಣ್ಣಿನ ಮಾಳಿಗೆಯಿತ್ತು. ಬಾಳಲಾರದೆ ಹೋದ ಮುದುಕರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಮೇಲಾಗಿ ಹಿಂದಿನವರ ಸುಖಕ್ಕೂ ಬೆನ್ನಿದ್ದಿತು. ಬ್ರಿಟಿಷರ ಕಚೇರಿಗಳಲ್ಲಿಯೂ ಸಿರಿವಂತರ ಮನೆಗಳಲ್ಲಿಯೂ ಅಟ್ಟಕ್ಕೆ ತೂಗಹಾಕಿದ ಬಟ್ಟೆಯ ದೊಡ್ಡ ಪಂಖಗಳಿರುತ್ತಿದ್ದವು. ಅವುಗಳ ಹಗ್ಗವು ಗೋಡೆಯ ರಂಧ್ರದಿಂದ ಹೊರಬಿದ್ದು, ಪಡಸಾಲೆಯಲ್ಲಿ ಕುಳಿತ ಒಬ್ಬ ಆಳಿನ ಕೈಗೆ ಸೇರುತ್ತಿತ್ತು. ಒಳಗಿನವನಿಗೆ ಗಾಳಿ, ಹೊರಗಿನವನಿಗೆ ಬೆವರು. ಯಂತ್ರವು ಆ ಆಳನ್ನು ಬಿಡುಗಡೆ ಮಾಡಿತೆಂಬದನ್ನು ಮರೆಯಲಾಗದು. ಮುಪ್ಪಿನ ಜೀವವೊಂದಕ್ಕೆ ನೆರಳಾದ ವಸ್ತುವನ್ನು ಪಾಪವೆಂದು ಎಸೆಯುವ ವೈರಾಗ್ಯವು, ತಾಯಿಯನ್ನು ಬಿಸಿಲಿಗೆ ಕೂರಿಸಿ ಮಗನು ಪಡೆಯುವ ಪುಣ್ಯವಾದೀತು.

ಆದಕಾರಣ ಪ್ರಶ್ನೆಯು ಸುಖವನ್ನು ಪಡೆಯಬಹುದೋ ಬಾರದೋ ಎಂಬದಲ್ಲ. ಪ್ರತಿಯೊಂದು ಸುಖಕ್ಕೂ ಮುಖವೊಂದು, ಬೆನ್ನೊಂದು. ಬೆನ್ನನ್ನು ಯಾರ ಕಡೆಗೆ ತಿರುಗಿಸಿ ಕೂರಿಸಿದ್ದೇವೆಂಬದೇ ಪ್ರಶ್ನೆ. ಕಿಟಕಿಯ ಯಂತ್ರದಲ್ಲಿ ಇದು ಗಾದೆಯ ಮಾತಲ್ಲ, ಗಾರೆಯ ಕೆಲಸ.

ನಾವು ಮಾಡಿದ್ದಿಷ್ಟು. ತಾಯಿಯವರ ಕೋಣೆಯ ಇನ್ನೊಂದು ಗೋಡೆ ನಮ್ಮ ಹಿತ್ತಲಿಗೆ ತಾಗಿರುವದು. ಆ ಗೋಡೆಯನ್ನು ಒಡೆಯಿಸಿದೆವು. ಯಂತ್ರದ ಪಕ್ಕೆಗಳಲ್ಲಿ ಗಾಳಿಯನ್ನೆಳೆಯುವ ಸೀಳುಗಳಿರುವದರಿಂದ ದಪ್ಪ ಗೋಡೆಯಲ್ಲಿ ಅದನ್ನು ಹುಗಿದರೆ ಉಸಿರು ಕಟ್ಟುವದು. ಅದಕ್ಕಾಗಿ ರಂಧ್ರವನ್ನು ಹೊರಗಡೆಗೆ ಅಗಲವಾಗಿ ಕೊರೆಯಬೇಕಾಯಿತು. ಗವಂಡಿಗೆ ನಾಲ್ಕು ದಿನದ ಕೆಲಸವಾಯಿತು. ನನ್ನ ಪಿಂಚಣಿಗೆ ಅದು ಹಗುರವಾದ ಖರ್ಚಾಗಿರಲಿಲ್ಲ. ಹಿತ್ತಲಲ್ಲಿ ಕರಿಬೇವಿನ ಗಿಡದ ನೆರಳಿಗೆ ಮಧ್ಯಾಹ್ನ ಕುಳಿತು ಕಾಳು ಹಸನು ಮಾಡುವದು ನನ್ನ ಮನೆಯವರ ರೂಢಿ. ಈಗ ಆ ಬಿಸಿಗಾಳಿ ಅವರಿಗೇ ಬಡಿಯತೊಡಗಿತು. ನಾನು ಸಂಕೋಚಪಟ್ಟುಕೊಂಡಾಗ ಅವರು, "ನಮ್ಮ ಬಿಸಿ ನಮ್ಮ ಹಿತ್ತಲದಾಗ ಇರ್ಲಿ ಬಿಡ್ರಿ" ಎಂದು ಮೊರವನ್ನೆತ್ತಿಕೊಂಡು ಪಡಸಾಲೆಗೆ ನಡೆದರು.

ಇದರಿಂದ ನಾನೆಣಿಸದ ಇನ್ನೊಂದು ಫಲವೂ ಒದಗಿತು. ಬಿಸಿಯು ಓಣಿಗೆ ಬೀಳುತ್ತಿದ್ದಾಗ ಯಂತ್ರವು ಬೆಳಗಿನ ಹತ್ತರಿಂದ ರಾತ್ರಿಯವರೆಗೆ ನಡೆಯುತ್ತಿತ್ತು. ನಿಲ್ಲಿಸಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ. ಬಿಸಿಯು ನಮ್ಮ ಹಿತ್ತಲಿಗೆ ಬಿದ್ದ ವಾರದಲ್ಲಿಯೇ, ಇಷ್ಟು ಹೊತ್ತು ಬೇಕೇ ಎಂಬ ಮಾತು ತಾನಾಗಿ ಹುಟ್ಟಿತು. ಭಾರತದಲ್ಲಿ 2020ರ ಜನವರಿಯಿಂದ ನಕ್ಷತ್ರಚಿಹ್ನೆಯ ಇಂಥ ಯಂತ್ರಗಳು ಮೊದಲಿಗೇ 24 ಡಿಗ್ರಿಗೆ ನಿಲ್ಲುವಂತೆ ತಯಾರಾಗತಕ್ಕದ್ದೆಂದು ನಿಯಮವಾಗಿದೆ; ಒಂದೊಂದು ಡಿಗ್ರಿ ಏರಿಸಿದರೆ ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುವದೆಂದು ಸರಕಾರದ ಇಂಧನದಕ್ಷತಾ ಸಂಸ್ಥೆಯು ತಿಳಿಸಿದೆ. ನಾವು 27ಕ್ಕಿರಿಸಿ ಮೇಲಿನ ಪಂಖವನ್ನು ಮೆಲ್ಲಗೆ ತಿರುಗಿಸಿದರೆ ತಾಯಿಯವರಿಗೆ ಸಾಕಾಯಿತು. ಮಧ್ಯಾಹ್ನದ ನಾಲ್ಕು ತಾಸು, ರಾತ್ರಿ ಎರಡು ತಾಸು. ಈ ಮಿತಿಯನ್ನು ಕಲಿಸಿದ್ದು ಉಪದೇಶವಲ್ಲ, ಹಿತ್ತಲು. ತನ್ನ ಸುಖದ ಬೆನ್ನನ್ನು ತಾನೇ ಹೊತ್ತವನಿಗೆ ಮಿತಿಯು ಸಹಜವಾಗಿ ಬರುವದು. ಇನ್ನೊಬ್ಬನ ಮೇಲೆ ಹೊರಿಸಿದವನಿಗೆ ಎಷ್ಟಾದರೂ ಸಾಲದು. ಆತ್ಮೌಪಮ್ಯವೆಂಬ ಹಿರಿಯ ಮಾತನ್ನು ನಾನು ತರಗತಿಗಳಲ್ಲಿ ನೂರಾರು ಸಲ ವ್ಯಾಖ್ಯಾನಿಸಿದ್ದೆನು. ಅದರ ಅರ್ಥ ಇಷ್ಟು ಸಮೀಪದ್ದೆಂದು ತಿಳಿದಿರಲಿಲ್ಲ.

ಇಷ್ಟರಿಂದ ನಾನು ನಿರ್ದೋಷಿಯಾದೆನೆಂದು ಹೇಳಿಕೊಳ್ಳಲಾರೆ. ನಮ್ಮೂರಿಗೆ ಸಮೀಪದ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, 1985ರಿಂದ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ಮಾಡುತ್ತಿದ್ದಾರೆ. ಆ ಹೊಗೆ, ಆ ಬೂದಿ ಯಾರ ಅಂಗಳಕ್ಕೆ ಬೀಳುವದೋ ಅವರೂ ನನ್ನ ಕಿಟಕಿಯ ಆಚೆಯವರೇ. ಅದನ್ನು ನನ್ನ ಹಿತ್ತಲಿಗೆ ತರಲಾರೆನು. ಕಡಿಮೆ ಮಾಡಬಲ್ಲೆನು, ಅಷ್ಟೆ. ಪಟ್ಟಣದ ಮಹಡಿಮನೆಗಳಲ್ಲಿರುವವರಿಗೆ ಹಿತ್ತಲೇ ಇಲ್ಲವೆಂಬದನ್ನೂ ಬಲ್ಲೆನು. ಅಂಥವರು ಗೋಡೆ ಒಡೆಯಬೇಕಾಗಿಲ್ಲ. ಯಂತ್ರವನ್ನು ಕೊಳ್ಳುವ ಮುನ್ನ ಒಮ್ಮೆ ಹೊರಗೆ ಹೋಗಿ, ಅದು ಕೂರುವ ಜಾಗದ ಎದುರಿಗೆ ನಿಂತು, ಆಚೆಗೆ ಯಾರಿದ್ದಾರೆಂದು ನೋಡಿದರೆ ಸಾಕು. ನೋಡಿದರೆ ಸಾಲದು, ಕೇಳಬೇಕು. ಏಕೆಂದರೆ ನಮಗಿಂತ ಬಡವನಾದವನೂ ನಮ್ಮನ್ನು ಗೌರವಿಸುವವನೂ ತಾನಾಗಿ ಹೇಳುವದಿಲ್ಲ.

ತಾಯಿಯವರು ಈಗ ಸುಖವಾಗಿದ್ದಾರೆ. ಓಣಿಯ ಕಿಟಕಿಗೆ ಹಳೆಯ ಬಾಗಿಲುಗಳನ್ನೇ ಮರಳಿ ಕೂರಿಸಿದ್ದೇವೆ. ಎದುರಿನ ಕಿಟಕಿಯೂ ತೆರೆದಿದೆ. ಒಳಗೆ ಮಲಗಿದವನ ಗೊರಕೆಯು ಮಧ್ಯಾಹ್ನ ನನ್ನ ಓದಿಗೆ ತುಸು ಅಡ್ಡಿಯಾಗುವದುಂಟು. ಆ ಬಗ್ಗೆ ನಾನು ಅವನಿಗೆ ಏನೂ ಹೇಳುವದಿಲ್ಲ.