ಆಗದು ಎಂದವಳು

ಕೆಲಸದ ಮೇಲೆ ಸಿಂಗಪುರಕ್ಕೆ ಬಂದಿಳಿದ ಕನ್ನಡಿಗರು ಬಾಡಿಗೆ ಮನೆ, ಬ್ಯಾಂಕು, ಸಿಮ್ ಕಾರ್ಡುಗಳ ಗಲಾಟೆ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆ, ಊಟ ಎಲ್ಲಿ ಚೆನ್ನಾಗಿದೆ ಎಂಬುದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಸೆರಂಗೂನ್ ರಸ್ತೆಗೆ ಹೋಗಿ, 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ, ದೋಸೆಗೆ ಮೋಸವಿಲ್ಲ. ಮೊದಲ ವಾರಕ್ಕೆ ಇದು ಒಳ್ಳೆಯ ಸಲಹೆಯೇ. ಹತ್ತು ವರ್ಷ ಕಳೆದರೂ ಆ ರಸ್ತೆ ದಾಟದವರನ್ನು ಕಂಡಾಗ ಮಾತ್ರ, ಇವರು ಊರು ಬಿಟ್ಟು ಬಂದರೋ ಊರನ್ನೇ ಹೊತ್ತು ತಂದರೋ ಎಂಬ ಅನುಮಾನ ಬರುತ್ತದೆ.

ಇದಕ್ಕೆ ತದ್ವಿರುದ್ಧದವರೂ ಇದ್ದಾರೆ. ಅವರ ಕೈಯಲ್ಲಿ ಪಟ್ಟಿ ಇರುತ್ತದೆ. ಪಟ್ಟಿಗಳಿಗೇನೂ ಆ ಊರಿನಲ್ಲಿ ಬರವಿಲ್ಲ. 1990ರ ದಶಕದ ಕೊನೆಯಲ್ಲಿ ಕೆ. ಎಫ್. ಸೀಟೊ ಶುರುಮಾಡಿದ ‘ಮಕಾನ್‌ಸೂತ್ರ’ ಎಂಬ ಕೈಪಿಡಿ ಬೀದಿ ಊಟಕ್ಕೆ ದರ್ಜೆ ಕೊಡುತ್ತಿತ್ತು. ಅದರ ಅತಿ ದೊಡ್ಡ ಬಿರುದು ‘ಡೈ ಡೈ ಮಸ್ಟ್ ಟ್ರೈ’, ಅಂದರೆ ಸತ್ತಾದರೂ ತಿನ್ನಲೇಬೇಕು. 2016ರಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಕೈಪಿಡಿ ಬಂತು. ಚೈನಾಟೌನ್ ಕಾಂಪ್ಲೆಕ್ಸಿನ ಮಹಡಿಯ ಮೇಲೆ ಸೋಯಾ ಸಾಸ್ ಕೋಳಿ ಮಾರುವ ಪುಟ್ಟ ಅಂಗಡಿಗೆ ಒಂದು ನಕ್ಷತ್ರ ಸಿಕ್ಕಿತು. ಎರಡು ಡಾಲರಿನ ಊಟಕ್ಕೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಸಾಲುಗಟ್ಟಿದರು. 2021ರಲ್ಲಿ ಆ ನಕ್ಷತ್ರ ಹೋಯಿತು. ಅದು ಬಂದಾಗ ಸಾಲಿಗೆ ಸೇರಿದವರು ರುಚಿ ನೋಡಲು ನಿಂತಿದ್ದರೋ ನಕ್ಷತ್ರ ನೋಡಲೋ, ಅವರವರ ನಾಲಗೆಗೇ ಗೊತ್ತು.

ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ. ಏನು ಚೆನ್ನಾಗಿದೆ ಎಂದು ಅದು ಹೇಳುತ್ತದೆ. ಆದರೆ ಹಾಕರ್ ಸೆಂಟರ್ ಎಂಬ ಸಾಲು ಅಂಗಡಿಗಳ ಊಟದ ಕಟ್ಟೆಯಲ್ಲಿ ಕೂತು ತಿನ್ನುವವನು ಹೇಗಿರಬೇಕು ಎಂಬುದನ್ನು ಅದರಿಂದ ಕಲಿಯಲಾಗದು. ಮೇಜಿನ ಮೇಲೊಂದು ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಆ ಜಾಗ ಯಾರದೋ ಆಗಿದೆ, ಕೂರಬಾರದು. ತಿಂದ ತಟ್ಟೆ ನಾವೇ ಎತ್ತಿಡಬೇಕು. 2021ರಿಂದ ಅದಕ್ಕೆ ಕಾನೂನಿನ ಬಲವೂ ಇದೆ. ಎದುರಿಗೆ ಅಪರಿಚಿತರು ಬಂದು ಕೂತರೆ ಸ್ವಲ್ಪ ಸರಿದುಕೊಂಡು ತಿನ್ನುತ್ತಿರಬೇಕು. ಹಿಂದೆ ನಿಂತ ಮುದುಕರೊಬ್ಬರು ಗೊಣಗಿದಾಗ ಇದೆಲ್ಲ ತಾನಾಗಿ ತಲೆಗೆ ಹತ್ತುತ್ತದೆ.

ನಿಜವಾದ ಪರೀಕ್ಷೆ ಇರುವುದು ನಮ್ಮ ಸಸ್ಯಾಹಾರಿಗಳಿಗೆ. (ಕೊಡಗಿನವರು ಹಂದಿಮಾಂಸದ ಅಂಗಡಿಯ ಮುಂದೆ ಆರಾಮಾಗಿ ನಿಂತಿರುವುದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟು ಫಲವಿಲ್ಲ.) ಚಿಕನ್ ರೈಸ್ ಅಂಗಡಿಯಲ್ಲಿ ಕೋಳಿ ಬೇಡ, ಬರೀ ಅನ್ನ ಕೊಡಿ ಎಂದರೂ ನಡೆಯದು, ಆ ಅನ್ನ ಬೆಂದಿರುವುದೇ ಕೋಳಿಯ ಕೊಬ್ಬು ಮತ್ತು ರಸದಲ್ಲಿ. ಚಾರ್ ಕ್ವೇ ಟಿಯಾವ್ ಎಂಬ ಅಗಲ ಶ್ಯಾವಿಗೆಯ ಹಳೇ ರುಚಿ ಬರುವುದು ಹಂದಿಕೊಬ್ಬಿನಿಂದ. ಕಣ್ಣಿಗೆ ಬರೀ ಮೆಣಸಿನಕಾಯಿ ಚಟ್ನಿಯಂತೆ ಕಾಣುವ ಸಂಬಾಲ್‌ನಲ್ಲಿ ಬೆಲಾಚಾನ್ ಎಂಬ ಸೀಗಡಿ ಪೇಸ್ಟ್ ಕರಗಿರುತ್ತದೆ. ಕಣ್ಣು, ಮೂಗು ಎರಡನ್ನೂ ನಂಬುವಂತಿಲ್ಲ. ನಂಬಬೇಕಾದದ್ದು ಒಲೆಯ ಹಿಂದೆ ನಿಂತವರ ಮಾತನ್ನು.

ಮಧ್ಯಾಹ್ನದ ಗದ್ದಲದಲ್ಲಿ ಅಂಥ ಅಂಗಡಿಯಾಕೆಯನ್ನು ಮಾಂಸವಿಲ್ಲದ್ದು ಸಿಗುತ್ತದೆಯೇ ಎಂದು ಕೇಳಿದರೆ, ನಮ್ಮ ಮುಖವನ್ನೊಮ್ಮೆ ನೋಡಿ, ಸೌಟು ಕೆಳಗಿಡದೆ, ‘ಕೆನಾಟ್’, ಅಂದರೆ ಆಗದು, ಎನ್ನುತ್ತಾಳೆ. ನಗುವಿಲ್ಲ, ವಿವರಣೆಯಿಲ್ಲ. ಹೊಸಬರು ಮುಖ ಸಣ್ಣದು ಮಾಡಿಕೊಂಡು, ಒರಟು ಜನ ಎನ್ನುತ್ತಾರೆ. ಆದರೆ ಆಕೆ ಮಾಡಿದ್ದೇನು? ಕೈಗೆ ಬಂದ ಗಿರಾಕಿಯನ್ನು ಬಿಟ್ಟುಕೊಟ್ಟು, ತನ್ನದಲ್ಲದ ಒಂದು ನೇಮವನ್ನು ಕಾಪಾಡಿದಳು. ಆ ನೇಮದ ಅರ್ಥ ಆಕೆಗೆ ಬೇಕಿಲ್ಲ; ಅದನ್ನು ಕೆಡಿಸುವ ಹಕ್ಕು ತನಗಿಲ್ಲ ಎಂಬುದಷ್ಟೇ ಗೊತ್ತು. ಎಲ್ಲಕ್ಕೂ ‘ವೆಜ್ ಸರ್, ವೆಜ್’ ಎಂದು ನಗುವ ಹೋಟೆಲಿನ ಸೌಜನ್ಯಕ್ಕಿಂತ ನನಗೆ ಆ ಒರಟುತನವೇ ಹೆಚ್ಚಿನದು. ಪರದೇಶದಲ್ಲಿ ಊಟಕ್ಕೆ ದಾರಿ ತೋರಿಸುವವರನ್ನು ಹುಡುಕುವುದಾದರೆ ಇವಳಿಂದ ಶುರುಮಾಡಬೇಕು. ಎಷ್ಟೋ ಸಲ ‘ಆಗದು’ ಎಂದವಳೇ ಗಲ್ಲ ಮುಂದೆ ಚಾಚಿ, ಎರಡು ಸಾಲು ಆಚೆ ಇರುವ ಬೌದ್ಧ ಸಸ್ಯಾಹಾರದ ಅಂಗಡಿಯನ್ನು ತೋರಿಸುತ್ತಾಳೆ.

ಆ ಅಂಗಡಿಯಲ್ಲಿ ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿ ಸಾಲು ಉದ್ದ. ಮಾಮೂಲಿಗೆ ಮಾಂಸ ತಿನ್ನುವ ಚೀನೀ ಮನೆತನಗಳಲ್ಲೂ ಕೆಲವರು ಅಂದು ಸಸ್ಯಾಹಾರದ ವ್ರತ ಹಿಡಿಯುತ್ತಾರೆ. ಏಕಾದಶಿ, ಚಾತುರ್ಮಾಸ್ಯ ಕಂಡ ಮನೆಯಿಂದ ಬಂದವರಿಗೆ ಆ ಸಾಲನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಾತುಕೋಳಿಯ ಆಕಾರಕ್ಕೆ ಮಾಡಿಟ್ಟ ಸೋಯಾ ಕಂಡು ನಮ್ಮವರು ಎದ್ದು ಹೋಗುವುದುಂಟು, ಆ ಮಾತು ಬೇರೆ.

ನನ್ನನ್ನು ಕಾಡುವುದು ಈ ಊಟದ ಬೆಲೆ. ಬೀದಿಯಲ್ಲಿ ಗಾಡಿ ಇಟ್ಟವರನ್ನು 1970ರ ದಶಕದಿಂದ 1986ರ ಹೊತ್ತಿಗೆ ಸರ್ಕಾರ ನಲ್ಲಿ, ಚರಂಡಿ, ಸೂರು ಇರುವ ಹಾಕರ್ ಸೆಂಟರುಗಳಿಗೆ ಸೇರಿಸಿತು. ಕೂಲಿಯಿಂದ ಗುಮಾಸ್ತನವರೆಗೆ ಎಲ್ಲರಿಗೂ ಅಗ್ಗದ ಊಟ ಸಿಗುತ್ತಿರುವುದು ಅದರಿಂದ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅಷ್ಟರಲ್ಲಿ ವ್ಯಾಪಾರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಅರವತ್ತರ ಅಂಚಿಗೆ ಬಂದಿದ್ದರು. ಬೆಳಕು ಹರಿಯುವ ಮುಂಚೆ ಎದ್ದು, ದಿನವಿಡೀ ಬಿಸಿಯ ಮುಂದೆ ನಿಲ್ಲುವ ಕೆಲಸ. ಒಳ್ಳೆಯ ಸಂಬಳದ ಮೇಲೆ ಬಂದ ನಾವು ಐದು ಡಾಲರಿನ ತಟ್ಟೆಯ ಫೋಟೋ ಊರಿಗೆ ಕಳಿಸಿ ಹಿಗ್ಗುತ್ತೇವೆ. ಅದಕ್ಕೆ ಐವತ್ತು ಸೆಂಟು ಏರಿದರೆ ಹುಬ್ಬು ಗಂಟಾಗುತ್ತದೆ. ಮಾಲಿನಲ್ಲಿ ಒಂದು ಲೋಟ ಕಾಫಿಗೆ ಅದಕ್ಕಿಂತ ಹೆಚ್ಚು ಕೊಟ್ಟು ಬಂದ ದಿನವೂ ಅಷ್ಟೇ. ಹಳೇ ಅಂಗಡಿಯೊಂದು ಮುಚ್ಚಿದ ಸುದ್ದಿ ಬಂದಾಗ, ಅಯ್ಯೋ, ಮಕ್ಕಳಾದರೂ ಮುಂದುವರಿಸಬಾರದಿತ್ತೇ ಎಂದು ನಮ್ಮಲ್ಲಿ ತುಂಬ ಜನ ಮರುಗುತ್ತಾರೆ. ಹಾಗೆ ಮರುಗುವವರ ಸ್ವಂತ ಮಕ್ಕಳು ಓದುತ್ತಿರುವುದು ಇಂಜಿನಿಯರಿಂಗು.